ಗಣಕಯಂತ್ರದಲ್ಲಿ ಗ್ರಂಥಸಂಸ್ಕಾರ: ಕೀಲಿಸಂಕೇತಗಳೂ ವಿನ್ಯಾಸವಿಧಿಯೂ

ಶ್ರೀಮಠದ ಆಶ್ರಯದಲ್ಲಿ ನಡೆಯುತ್ತಿರುವ ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಹಳಗನ್ನಡ ಕಾವ್ಯವನ್ನೋ ವ್ಯಾಕರಣವಿಚಾರವನ್ನೋ ಕುರಿತು ಬರೆಯುತ್ತ ಬಂದಿರುವ ನಾನು ಈ ಸಲ ಗಣಕಯಂತ್ರದ ಕೀಲಿಮಣೆಯನ್ನು ವಿಷಯವಾಗಿ ಎತ್ತಿಕೊಂಡಿರುವುದನ್ನು ಕಂಡು ವಾಚಕ ಮಹಾಶಯರಿಗೆ ವಿಸ್ಮಯವಾಗಬಹುದು. ಈ ವಿಷಯವನ್ನು ನಾನಾಗಿ ಆರಿಸಿಕೊಂಡುದಲ್ಲ. ನನ್ನಿಂದಲೇ ಆದ ಒಂದು ಪ್ರಮಾದವು ಅದನ್ನು ನನ್ನ ತಲೆಗೆ ಕಟ್ಟಿತು.

ನಮ್ಮ ಪ್ರಸಾದನಿಲಯದ ಆರಂಭದ ದಿನಗಳನ್ನು ಕುರಿತು ನಿವೃತ್ತ ಉಪಾಧ್ಯಾಯರೊಬ್ಬರು ಅರವತ್ತು ಪುಟಗಳಷ್ಟು ವೃತ್ತಾಂತವನ್ನು ಬರೆದಿಟ್ಟಿದ್ದರು. ಯಾವ ಊರಿನವರು ಎಷ್ಟು ಚೀಲ ಜೋಳ ಕೊಟ್ಟರು, ಯಾರ ಗಾಡಿಯಲ್ಲಿ ಅದು ಬಂದಿತು, ಯಾವ ತಾಯಿ ಎಷ್ಟು ವರ್ಷ ರೊಟ್ಟಿ ಬಡಿದಳು ಎಂಬುದೆಲ್ಲ ಅದರಲ್ಲಿತ್ತು. 2003ರ ಸುಮಾರಿಗೆ ಅದನ್ನು ಗಣಕಯಂತ್ರಕ್ಕೆ ಏರಿಸಿದ್ದರು. ಲೇಖಕರು ಈಗಿಲ್ಲ, ಅವರ ಕೈಬರಹದ ಪ್ರತಿಯು ಒಂದು ಮಳೆಗಾಲದಲ್ಲಿ ಸೋರಿದ ಕಪಾಟಿನೊಳಗೆ ನೆನೆದು ಹಾಳಾಯಿತು. ಉಳಿದುದು ಗಣಕಯಂತ್ರದ ಕಡತವೊಂದೇ. ಅದರ ಶೀರ್ಷಿಕೆಗಳು ಒಂದೆಡೆ ದಪ್ಪ, ಒಂದೆಡೆ ಸಣ್ಣ ಆಗಿ ಅಸ್ತವ್ಯಸ್ತವಾಗಿದ್ದುದರಿಂದ ಎಲ್ಲವನ್ನೂ ಏಕರೂಪಕ್ಕೆ ತರಬೇಕೆಂದು ನಾನು ಹೊರಟೆನು. ಕಂಟ್ರೋಲ್ ಕೀಲಿಯೊಡನೆ ‘ಎ’ ಒತ್ತಿದರೆ ಸಮಸ್ತ ಪಾಠವೂ ಆಯ್ಕೆಯಾಗುತ್ತದೆ, ಬಳಿಕ ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿದರೆ ಅಲಂಕಾರವೆಲ್ಲ ಕಳಚಿಬೀಳುತ್ತದೆ ಎಂದು ಯಾರೋ ಹೇಳಿದ್ದನ್ನು ನೆನೆದು ಹಾಗೆಯೇ ಮಾಡಿದೆನು. ಅಲಂಕಾರದೊಡನೆ ಕನ್ನಡವೂ ಕಳಚಿಬಿದ್ದಿತು! ಅರವತ್ತು ಪುಟಗಳ ತುಂಬ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀರು ಹೊತ್ತ ಫ್ರೆಂಚರ ಅಕ್ಷರಗಳು, ನಡುನಡುವೆ ಪೌಂಡ್ ನಾಣ್ಯದ ಚಿಹ್ನೆ. ಗಾಬರಿಯಲ್ಲಿ ರೂಢಿಬಲದಿಂದ ಕಂಟ್ರೋಲ್ ಮತ್ತು ‘ಎಸ್’ ಒತ್ತಿ, ಅಂದರೆ ಆ ವಿಕೃತಿಯನ್ನೇ ಭದ್ರಪಡಿಸಿ, ಕಡತವನ್ನು ಮುಚ್ಚಿಬಿಟ್ಟೆನು. ಮಾಡಿದ್ದನ್ನು ಹಿಂದೆಗೆಯುವ ಕಂಟ್ರೋಲ್-ಝೆಡ್ ಎಂಬ ಸಂಕೇತವು ಕಡತ ತೆರೆದಿರುವ ತನಕ ಮಾತ್ರ ನೆರವಿಗೆ ಬರುತ್ತದೆಂದು ಆಗ ನನಗೆ ತಿಳಿದಿರಲಿಲ್ಲ.

ಬೆಂಗಳೂರಿನಲ್ಲಿ ಗಣಕ ವೃತ್ತಿಯಲ್ಲಿರುವ ನನ್ನ ಹಳೆಯ ಶಿಷ್ಯನಿಗೆ ದೂರವಾಣಿ ಮಾಡಿ, “ತಮ್ಮಾ, ಕನ್ನಡ ಹೋಯಿತಪ್ಪ” ಎಂದೆನು. ಆತನು ಕ್ಷಣಕಾಲ ಸುಮ್ಮನಿದ್ದು, “ಗುರುಗಳೇ, ಯಾವ ತಂತ್ರಾಂಶ, ಅದರ ಯಾವ ಆವೃತ್ತಿ? ಕಡತದಲ್ಲಿದ್ದ ಫಾಂಟಿನ ಹೆಸರೇನು? ತಾವು ಒತ್ತಿದ ಕೀಲಿಗಳು ಯಾವುವು? ಒತ್ತಿದ ಮೇಲೆ ಕಂಡದ್ದೇನು? ಈ ನಾಲ್ಕನ್ನು ಅದೇ ಕ್ರಮದಲ್ಲಿ ಹೇಳಿರಿ” ಎಂದನು. ತರಗತಿಯಲ್ಲಿ ವಿಭಕ್ತಿಪ್ರತ್ಯಯಗಳನ್ನು ಕ್ರಮವಾಗಿ ಹೇಳೆಂದು ನಾನು ಅವನನ್ನು ನಿಲ್ಲಿಸುತ್ತಿದ್ದುದು ನೆನಪಾಯಿತು. ವೈದ್ಯರ ಬಳಿ ಹೋಗಿ “ಮೈಗೆ ಸರಿಯಿಲ್ಲ” ಎಂದಷ್ಟೇ ಹೇಳುವ ರೋಗಿಯಂತೆ ನಾನಿದ್ದೆನು. ಗಣಕಯಂತ್ರದ ವಿಷಯದಲ್ಲಿ ನೆರವು ಬೇಡುವವರು ಮೊದಲು ಸಿದ್ಧಪಡಿಸಿಕೊಳ್ಳಬೇಕಾದುದು ಈ ನಾಲ್ಕು ಉತ್ತರಗಳನ್ನೇ. ವಿಂಡೋಸ್ ಉಳ್ಳ ಯಂತ್ರದಲ್ಲಿ ವಿಂಡೋಸ್ ಕೀಲಿ, ಶಿಫ್ಟ್ ಮತ್ತು ‘ಎಸ್’ ಇವನ್ನು ಒಟ್ಟಿಗೆ ಒತ್ತಿ ಪರದೆಯ ಚಿತ್ರವನ್ನು ತೆಗೆದು ಕಳುಹಿಸಿದರೆ ಅರ್ಧ ಮಾತು ಉಳಿಯುತ್ತದೆ.

ಆದ ಅನರ್ಥದ ಕಾರಣವನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಏಕೆಂದರೆ ನಮ್ಮ ಅನೇಕರ ಮನೆಗಳಲ್ಲಿ ಇಂತಹ ಕಡತಗಳು ಇಂದಿಗೂ ಇವೆ. ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಹಿಂದೆ ಕನ್ನಡಕ್ಕೆಂದು ಬೇರೆ ಸಂಖ್ಯೆಗಳು ಬಳಕೆಗೆ ಬಾರದಿದ್ದಾಗ, ಇಂಗ್ಲಿಷ್ ಮೊದಲಾದ ಐರೋಪ್ಯ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡ ಅಕ್ಷರದ ತುಂಡುಗಳ ಚಿತ್ರಗಳನ್ನು ಕೂರಿಸಿ ಫಾಂಟುಗಳನ್ನು ರಚಿಸಿದರು. ಹಳೆಯ ಮುದ್ರಣಾಲಯದ ಭಾಷೆಯಲ್ಲಿ ಹೇಳುವುದಾದರೆ, ಇಂಗ್ಲಿಷ್ ಮನೆಗಳಲ್ಲಿ ಕನ್ನಡದ ಮೊಳೆಗಳನ್ನು ತುಂಬಿದಂತೆ. ಆ ಫಾಂಟು ಇರುವ ತನಕ ನಮಗೆ ಕಾಣುವುದು ಕನ್ನಡ. ಯಂತ್ರಕ್ಕೆ ಮಾತ್ರ ಅದು ಎಂದೂ ಕನ್ನಡವಾಗಿರಲಿಲ್ಲ. ಕಂಟ್ರೋಲ್-ಸ್ಪೇಸ್ ಸಂಕೇತವು ಫಾಂಟನ್ನೂ ಅಲಂಕಾರವೆಂದೇ ಎಣಿಸಿ ತೆಗೆದುಹಾಕಿತು. ಇಂತಹ ಕಡತದಲ್ಲಿ ಶಿಫ್ಟ್ ಮತ್ತು ಎಫ್-3 ಒತ್ತುವುದೂ ಅಷ್ಟೇ ಅಪಾಯ. ಇಂಗ್ಲಿಷಿನ ಸಣ್ಣಕ್ಷರವನ್ನು ದೊಡ್ಡಕ್ಷರ ಮಾಡುವ ಆ ಸಂಕೇತವು ನಮ್ಮ ಒಂದು ಅಕ್ಷರವನ್ನು ಬೇರೊಂದಾಗಿಸಿಬಿಡುತ್ತದೆ.

ಇದಕ್ಕೆ ಪರಿಹಾರವಾಗಿ ಬಂದುದು ಯೂನಿಕೋಡ್. 1991ರ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಖಂಡವೊಂದು ದೊರೆಯಿತು. ಅದು ನಮ್ಮ ನಿತ್ಯದ ಬಳಕೆಗೆ ಇಳಿಯಲು ಮಾತ್ರ ಬಹುಕಾಲ ಹಿಡಿಯಿತು. ಯೂನಿಕೋಡಿನಲ್ಲಿ ಬರೆದ ಕನ್ನಡವು ಫಾಂಟು ಬದಲಾದರೂ ಕನ್ನಡವಾಗಿಯೇ ಉಳಿಯುತ್ತದೆ.

ಶಿಷ್ಯನ ಸೂಚನೆಯಂತೆ ಮೊದಲು ಎಫ್-12 ಒತ್ತಿ ಕಡತದ ಇನ್ನೊಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಇರಿಸಿಕೊಂಡೆನು. ಅನಂತರ ಸಮಸ್ತ ಪಾಠವನ್ನೂ ಆಯ್ದು ಹಳೆಯ ಫಾಂಟನ್ನೇ ಮತ್ತೆ ಹಚ್ಚಿದಾಗ ಕನ್ನಡವು ಮರಳಿ ಬಂದಿತು. ಆ ಕ್ಷಣದ ಸಂತೋಷವನ್ನು ಬಣ್ಣಿಸಲಾರೆ. ಆದರೆ ಮೂಲದಲ್ಲಿ ಅಲ್ಲಲ್ಲಿ ನಿಜವಾಗಿ ಇಂಗ್ಲಿಷಿನಲ್ಲಿದ್ದ ಮಾತುಗಳು, ಅಂದಿನ ಶಾಲಾ ತನಿಖಾಧಿಕಾರಿಗಳ ಪದನಾಮಗಳು ಮೊದಲಾದುವು, ಅರ್ಥವಿಲ್ಲದ ಕನ್ನಡ ತುಂಡುಗಳಾಗಿ ಮಾರ್ಪಟ್ಟಿದ್ದುವು. ಅವನ್ನು ಒಂದೊಂದಾಗಿ ಹುಡುಕಿ ಸರಿಪಡಿಸಿ, ಬಳಿಕ ಪರಿವರ್ತಕ ತಂತ್ರಾಂಶದ ಮೂಲಕ ಎಲ್ಲವನ್ನೂ ಯೂನಿಕೋಡಿಗೆ ತರಲು ಹನ್ನೊಂದು ದಿನಗಳು ಹಿಡಿದುವು.

ಇನ್ನು ಕೀಲಿಸಂಕೇತಗಳ ವಿಚಾರ. ಇಂಗ್ಲಿಷಿನಲ್ಲಿ ಶಾರ್ಟ್‌ಕಟ್ ಎನ್ನುವುದನ್ನು ನಾನು ಹೀಗೆ ಕರೆಯುತ್ತಿದ್ದೇನೆ. ವ್ಯಾಕರಣವನ್ನು ಓದಿದವರಿಗೆ ಇದು ಹೊಸತಲ್ಲ. ಪಾಣಿನಿಯು ಸ್ವರಗಳನ್ನೆಲ್ಲ ‘ಅಚ್’ ಎಂದೂ ವ್ಯಂಜನಗಳನ್ನೆಲ್ಲ ‘ಹಲ್’ ಎಂದೂ ಪ್ರತ್ಯಾಹಾರದಿಂದ ಹಿಡಿದಂತೆ, ನಾಲ್ಕಾರು ಚಲನೆಗಳ ಕೆಲಸವನ್ನು ಎರಡು ಕೀಲಿಗಳು ಹಿಡಿಯುತ್ತವೆ. ಅರ್ಧ ಮಾತ್ರೆ ಉಳಿದರೂ ಮಗ ಹುಟ್ಟಿದಷ್ಟು ಹಿಗ್ಗುವ ವೈಯಾಕರಣರ ವಂಶದವರಾದ ನಾವು ಇದನ್ನು ಮೆಚ್ಚಬೇಕು. ಕತ್ತರಿಸಲು ಕಂಟ್ರೋಲ್-ಎಕ್ಸ್, ಪ್ರತಿಗೆ ಕಂಟ್ರೋಲ್-ಸಿ, ಅಂಟಿಸಲು ಕಂಟ್ರೋಲ್-ವಿ. ಈ ಮೂರು ಕ್ರಿಯೆಗಳ ಕಲ್ಪನೆಯನ್ನು 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರೂಪಿಸಿದವರಲ್ಲಿ ಲ್ಯಾರಿ ಟೆಸ್ಲರ್ ಪ್ರಮುಖರು. ಅವರು 2020ರಲ್ಲಿ ತೀರಿಕೊಂಡರು. ಕರಡುಹಾಳೆಯನ್ನು ಕತ್ತರಿಯಿಂದ ಕತ್ತರಿಸಿ ಅಂಟಿನಿಂದ ಮೆತ್ತುತ್ತಿದ್ದ ಹಳೆಯ ರೂಢಿಯ ಹೆಸರೇ ಅಲ್ಲಿ ಉಳಿದುಕೊಂಡಿದೆ.

ಸಂಕೇತಗಳ ದೀರ್ಘವಾದ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಪಟ್ಟಿಯನ್ನು ಕಂಠಪಾಠ ಮಾಡಲು ಹೋಗಿ ನಾನು ಒಂದು ವಾರವನ್ನು ವ್ಯರ್ಥವಾಗಿ ಕಳೆದೆನು. ಬೇಕಾದಾಗ ಯಂತ್ರವನ್ನೇ ಕೇಳುವ ಬಗೆಯನ್ನು ಅರಿತರೆ ಸಾಕು. ಎಫ್-1 ಒತ್ತಿದರೆ ಸಹಾಯ ಪುಟ ತೆರೆಯುತ್ತದೆ. ಮೈಕ್ರೋಸಾಫ್ಟ್ ವರ್ಡಿನಲ್ಲಿ ಆಲ್ಟ್ ಮತ್ತು ‘ಕ್ಯೂ’ ಒತ್ತಿ ಬೇಕಾದ ಕಾರ್ಯದ ಹೆಸರನ್ನು ಬರೆದರೆ ಆ ಆಜ್ಞೆಯೇ ಎದುರಿಗೆ ಬರುತ್ತದೆ. ಲಿಬ್ರೆ ಆಫೀಸಿನ ಈಚಿನ ಆವೃತ್ತಿಗಳಲ್ಲಿ ಶಿಫ್ಟ್ ಮತ್ತು ಎಸ್ಕೇಪ್, ಗೂಗಲ್ ಡಾಕ್ಸಿನಲ್ಲಿ ಆಲ್ಟ್ ಮತ್ತು ಓರೆಗೆರೆ. ಗೂಗಲ್ ಡಾಕ್ಸಿನಲ್ಲಿ ಕಂಟ್ರೋಲ್ ಮತ್ತು ಓರೆಗೆರೆ ಒತ್ತಿದರೆ ಸಂಕೇತಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ. ವರ್ಡಿನಲ್ಲಿ ಶಿಫ್ಟ್ ಮತ್ತು ಎಫ್-1 ಒತ್ತಿದರೆ ಆಯ್ದ ಪಾಠಕ್ಕೆ ಯಾವ ಫಾಂಟು, ಯಾವ ಅಳತೆ, ಎಷ್ಟು ಅಂತರ ಎಂಬುದನ್ನೆಲ್ಲ ಪಕ್ಕದಲ್ಲಿ ತೋರಿಸುತ್ತದೆ. ಇದೊಂದು ನನಗೆ ಮೊದಲೇ ತಿಳಿದಿದ್ದರೆ ಆ ಕಡತದ ಫಾಂಟಿನ ಹೆಸರನ್ನು ನೋಡಿ ಕೈ ತಡೆಯುತ್ತಿದ್ದೆನು.

ವಿನ್ಯಾಸದ ವಿಷಯದಲ್ಲಿ ನಮ್ಮ ತಲೆಮಾರಿನವರ ದೋಷವೆಲ್ಲ ಬೆರಳಚ್ಚು ಯಂತ್ರದಿಂದ ಬಂದುದು. ಶೀರ್ಷಿಕೆಯನ್ನು ನಡುವಿಗೆ ತರಲು ಇಪ್ಪತ್ತು ಸಲ ಸ್ಪೇಸ್, ಹೊಸ ಪುಟಕ್ಕೆ ಹೋಗಲು ಹದಿನೈದು ಸಲ ಎಂಟರ್! ಕಾಗದದ ಅಳತೆ ಬದಲಾದೊಡನೆ ಇದೆಲ್ಲ ಕುಸಿದುಬೀಳುತ್ತದೆ. ವರ್ಡಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು 8 ಒತ್ತಿದರೆ ಈ ಅಡಗಿದ ಚಿಹ್ನೆಗಳೆಲ್ಲ ಬಯಲಾಗುತ್ತವೆ. ಲಿಬ್ರೆ ಆಫೀಸಿನಲ್ಲಿ ಕಂಟ್ರೋಲ್ ಮತ್ತು ಎಫ್-10. ನನ್ನ ಹಳೆಯ ಲೇಖನಗಳನ್ನು ಹೀಗೆ ನೋಡಿದಾಗ ರಾಗಿ ಚೆಲ್ಲಿದ ಅಂಗಳದಂತೆ ಪುಟದ ತುಂಬ ಚುಕ್ಕೆಗಳು ಕಂಡುವು. ಹೊಸ ಪುಟಕ್ಕೆ ಕಂಟ್ರೋಲ್ ಮತ್ತು ಎಂಟರ್ ಒಂದೇ ಸಾಕು.

ಶೀರ್ಷಿಕೆಯನ್ನು ಕೇವಲ ದಪ್ಪಗೊಳಿಸಿದರೆ ಅದು ನೋಡುವವರಿಗೆ ಶೀರ್ಷಿಕೆಯೇ ಹೊರತು ಯಂತ್ರಕ್ಕಲ್ಲ. “ಇದು ಶೀರ್ಷಿಕೆ” ಎಂದು ಯಂತ್ರಕ್ಕೆ ಹೇಳುವ ಬಗೆಗೆ ಸ್ಟೈಲ್ ಎಂದು ಹೆಸರು. ವರ್ಡಿನಲ್ಲಿಯೂ ಗೂಗಲ್ ಡಾಕ್ಸಿನಲ್ಲಿಯೂ ಕಂಟ್ರೋಲ್, ಆಲ್ಟ್ ಮತ್ತು 1 ಒತ್ತಿದರೆ ಮುಖ್ಯ ಶೀರ್ಷಿಕೆ, 2 ಒತ್ತಿದರೆ ಉಪಶೀರ್ಷಿಕೆ. ಲಿಬ್ರೆ ಆಫೀಸಿನಲ್ಲಿ ಆಲ್ಟ್ ಇಲ್ಲದೆಯೇ ಕಂಟ್ರೋಲ್ ಮತ್ತು 1. ಅನಂತರ ಸ್ಟೈಲಿನ ಲಕ್ಷಣವನ್ನು ಒಂದು ಕಡೆ ಬದಲಿಸಿದರೆ ಆ ಸ್ಟೈಲಿನ ಶೀರ್ಷಿಕೆಗಳೆಲ್ಲ ಒಮ್ಮೆಗೇ ಬದಲಾಗುತ್ತವೆ, ವಿಷಯಸೂಚಿಯೂ ಯಂತ್ರದಿಂದಲೇ ಸಿದ್ಧವಾಗುತ್ತದೆ. ಇದು ನಮ್ಮ ಅಧಿಕಾರಸೂತ್ರವೇ ಸರಿ: ಒಮ್ಮೆ ಹೇಳಿದುದು ಮುಂದಿನ ಸೂತ್ರಗಳಿಗೆಲ್ಲ ಅನುವರ್ತಿಸುತ್ತದೆ. ವಚನಗಳನ್ನು ಅಚ್ಚಿಗೆ ಅಣಿಮಾಡುವಾಗ ‘ವಚನ’ ಎಂಬ ಒಂದು ಸ್ಟೈಲನ್ನೇ ನಿರ್ಮಿಸಿಕೊಂಡೆನು. ಒಂದು ವಚನದೊಳಗಿನ ಸಾಲು ಮುರಿಯಲು ಶಿಫ್ಟ್ ಮತ್ತು ಎಂಟರ್, ವಚನವು ಅಂಕಿತದಲ್ಲಿ ಮುಗಿದ ಮೇಲೆ ಮಾತ್ರ ಬರಿಯ ಎಂಟರ್. ಆಗ ಯಂತ್ರವು ಇಡಿಯ ವಚನವನ್ನು ಒಂದು ಘಟಕವಾಗಿ ಎಣಿಸುವುದರಿಂದ, ಸಂಖ್ಯೆ ಹಾಕುವುದಕ್ಕೂ ಅರ್ಧ ವಚನ ಮುಂದಿನ ಪುಟಕ್ಕೆ ಜಾರದಂತೆ ತಡೆಯುವುದಕ್ಕೂ ಸುಲಭವಾಗುತ್ತದೆ.

ಕನ್ನಡಕ್ಕೇ ಮೀಸಲಾದ ಕೆಲವು ತೊಡಕುಗಳನ್ನು ಇಂಗ್ಲಿಷ್ ಸಹಾಯ ಪುಟಗಳು ಸಾಕಷ್ಟು ವಿವರಿಸುವುದಿಲ್ಲ. ಫಾಂಟಿನ ಅಳತೆಯನ್ನು ಬದಲಿಸಿದರೂ ಕನ್ನಡವು ಕದಲದೆ ಇಂಗ್ಲಿಷ್ ಮಾತ್ರ ಹಿಗ್ಗುವುದುಂಟು. ಭಾರತೀಯ ಲಿಪಿಗಳನ್ನು ಸಂಕೀರ್ಣ ಲಿಪಿಗಳೆಂದು ಬೇರೆ ವರ್ಗದಲ್ಲಿಟ್ಟು, ಅವುಗಳ ಫಾಂಟಿಗೂ ಅಳತೆಗೂ ಬೇರೆ ಅಂಕಣ ಮಾಡಿರುವುದೇ ಕಾರಣ. ವರ್ಡಿನಲ್ಲಿ ಕಂಟ್ರೋಲ್ ಮತ್ತು ‘ಡಿ’ ಒತ್ತಿದಾಗ ಬರುವ ಚೌಕದಲ್ಲಿ ಆ ಅಂಕಣವನ್ನು ನೋಡಬೇಕು.

ಇನ್ನೊಂದು, ಕಾಣದ ಅಕ್ಷರದ ತೊಡಕು. ‘ರಾಜ್’ ಮತ್ತು ‘ಕುಮಾರ್’ ಎಂಬುವನ್ನು ಕೂಡಿಸಿ ಬರೆದರೆ ಜಕಾರಕ್ಕೆ ಕಕಾರದ ಒತ್ತು ಬಿದ್ದು ‘ರಾಜ್ಕುಮಾರ್’ ಆಗುತ್ತದೆ. ಒತ್ತು ಬೀಳದೆ ‘ರಾಜ್‌ಕುಮಾರ್’ ಎಂದಾಗಲು ನಡುವೆ ಅಗಲವಿಲ್ಲದ ಒಂದು ಬೇರ್ಪಡಿಕೆಯ ಚಿಹ್ನೆಯನ್ನು ಇಡಬೇಕು. ಕೆಲವರು ಬೇಡದಿದ್ದರೂ ಪದಾಂತ್ಯದಲ್ಲಿ ಅದನ್ನು ಇಡುತ್ತಾರೆ. ಕಣ್ಣಿಗೆ ಭೇದವಿಲ್ಲ, ಯಂತ್ರಕ್ಕೆ ಉಂಟು. ಹಿಂದಿನ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ ಒಬ್ಬರ ಹೆಸರನ್ನು ಹುಡುಕಿದಾಗ ದೊರೆಯದೆ, ಬಿಟ್ಟುಹೋಗಿದೆಯೆಂದು ತಿಳಿದು ಎರಡನೆಯ ಸಲ ಸೇರಿಸಿಬಿಟ್ಟಿದ್ದೆವು. ಪದಾಂತ್ಯದಲ್ಲಿ ಅಡಗಿದ್ದ ಈ ಚಿಹ್ನೆಯೇ ಅದಕ್ಕೆ ಕಾರಣವಾಗಿತ್ತು.

ಈ ಚಿಹ್ನೆಯನ್ನು ಬರೆಯುವ ಉಪಾಯವು ಹಳಗನ್ನಡದ ಅಧ್ಯಾಪಕರಿಗೂ ಉಪಯುಕ್ತವಾದುದು. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷ್ ಕೀಲಿಮಣೆಗೆ ಬದಲಾಯಿಸಿಕೊಂಡು, ವರ್ಡಿನಲ್ಲಿ 2, 0, 0, ‘ಸಿ’ ಎಂದು ಬರೆದು ಕೂಡಲೆ ಆಲ್ಟ್ ಮತ್ತು ‘ಎಕ್ಸ್’ ಒತ್ತಬೇಕು. ಹಾಗೆಯೇ ಸೊನ್ನೆ, ‘ಸಿ’, ‘ಬಿ’, 1 ಎಂದು ಬರೆದು ಆಲ್ಟ್-ಎಕ್ಸ್ ಒತ್ತಿದರೆ ಱಕಾರವೂ, ಸೊನ್ನೆ, ‘ಸಿ’, ‘ಡಿ’, ‘ಇ’ ಎಂದು ಬರೆದು ಒತ್ತಿದರೆ ೞಕಾರವೂ ಬರುತ್ತವೆ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವೇಚಿಸಿದ ಈ ೞಕಾರಕ್ಕೆ ಯೂನಿಕೋಡಿನವರು ಮೊದಲು ತಪ್ಪಾಗಿ ‘ಫ’ಕಾರವೆಂಬ ಹೆಸರು ಕೊಟ್ಟರು. ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದ್ದರಿಂದ, ತಪ್ಪೆಂದು ಪಕ್ಕದಲ್ಲಿ ಟಿಪ್ಪಣಿ ಹಾಕಿ ಹೆಸರನ್ನು ಹಾಗೆಯೇ ಉಳಿಸಿದ್ದಾರೆ. ಅದನ್ನು ಓದಿ ನನಗೆ ನಗುವೂ ಬಂದಿತು, ಸ್ವಲ್ಪ ಕೋಪವೂ ಬಂದಿತು. ಸ್ಥಾನ ಸಿಕ್ಕಿದುದೇ ದೊಡ್ಡದೆಂದು ಸುಮ್ಮನಾದೆನು.

ಕಂಟ್ರೋಲ್ ಮತ್ತು ‘ಎಚ್’ ಒತ್ತಿದಾಗ ಬರುವ ಹುಡುಕಿ ಬದಲಿಸುವ ಸೌಲಭ್ಯದ ಬಗೆಗೆ ಒಂದು ಎಚ್ಚರಿಕೆಯನ್ನು ಹೇಳಬೇಕು. ಇದು ಆದೇಶಸಂಧಿಯಂತೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ತರುತ್ತದೆ. ಆದರೆ ಸಂಧಿಗಿರುವ ವಿವೇಕ ಇದಕ್ಕಿಲ್ಲ. ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದಲ್ಲಿ ‘ಅರಸ’ ಎಂಬುದನ್ನೆಲ್ಲ ‘ರಾಜ’ ಎಂದು ಒಮ್ಮೆಗೇ ಬದಲಿಸಿದನು. ‘ಅರಸಿ’ಯು ‘ರಾಜಿ’ಯಾದಳು, ಅರಸೀಕೆರೆಯು ‘ರಾಜೀಕೆರೆ’ಯಾಯಿತು! ಯೂನಿಕೋಡಿನಲ್ಲಿ ವ್ಯಂಜನಕ್ಕೂ ಅದಕ್ಕೆ ಸೇರುವ ಗುಣಿತದ ಚಿಹ್ನೆಗೂ ಬೇರೆ ಬೇರೆ ಸಂಖ್ಯೆಗಳಿರುವುದರಿಂದ ‘ಅರಸ’ ಎಂಬ ಮೂರು ಸಂಖ್ಯೆಗಳು ‘ಅರಸಿ’ಯ ಒಡಲಿನಲ್ಲಿಯೂ ಇವೆ. ಇಡಿಯ ಪದವನ್ನಷ್ಟೇ ಹುಡುಕೆಂದು ವಿಧಿಸಿದರೆ ವಿಭಕ್ತಿಪ್ರತ್ಯಯ ಹತ್ತಿದ ‘ಅರಸನಿಗೆ’, ‘ಅರಸನಿಂದ’ ಮೊದಲಾದುವು ತಪ್ಪಿಹೋಗುತ್ತವೆ. ಆದುದರಿಂದ ಕನ್ನಡದಲ್ಲಿ ಎಲ್ಲವನ್ನೂ ಒಮ್ಮೆಗೇ ಬದಲಿಸದೆ ಒಂದೊಂದನ್ನೂ ನೋಡಿ ಒಪ್ಪುತ್ತ ಹೋಗುವುದೇ ಕ್ಷೇಮ.

ಪ್ರಸಾದನಿಲಯದ ಆ ವೃತ್ತಾಂತವು ಈಗ ಯೂನಿಕೋಡಿನಲ್ಲಿ, ಶೀರ್ಷಿಕೆಗಳಿಗೆ ಸ್ಟೈಲ್ ಹಚ್ಚಿದ ಸ್ಥಿತಿಯಲ್ಲಿ, ಮೂರು ಬೇರೆ ಬೇರೆ ಸ್ಥಳಗಳಲ್ಲಿ ಭದ್ರವಾಗಿದೆ. ಅದರಲ್ಲಿ ಎರಡು ಕಡೆ ಮಾತ್ರ, ಮೂಲದ ಇಂಗ್ಲಿಷ್ ಪದ ಏನಿತ್ತೆಂದು ತಿಳಿಯದೆ, ಖಾಲಿ ಬಿಟ್ಟು ಆವರಣ ಹಾಕಿದ್ದೇನೆ. ಆ ಕಾಲದಲ್ಲಿ ನಿಲಯದಲ್ಲಿದ್ದ ಹಿರಿಯ ವಿದ್ಯಾರ್ಥಿಗಳು ಕಾರ್ಯಾಲಯಕ್ಕೆ ಬಂದು ನೋಡಿ ಹೇಳಿದರೆ ತುಂಬಿಸಬಹುದು. ಮುಂದಿನ ಸಂಚಿಕೆಗೆ ಲೇಖನ ಕಳುಹಿಸುವವರು ಯೂನಿಕೋಡಿನಲ್ಲಿಯೇ ಕಳುಹಿಸಬೇಕೆಂದೂ, ಹಳೆಯ ಫಾಂಟಿನ ಕಡತಗಳು ಯಾರಲ್ಲಿದ್ದರೂ ಅವನ್ನು ತಾವಾಗಿ ತಿದ್ದಲು ತೊಡಗದೆ, ಫಾಂಟಿನ ಹೆಸರನ್ನು ಬರೆದಿಟ್ಟು ಇದ್ದಂತೆಯೇ ನಮಗೆ ತಲುಪಿಸಬೇಕೆಂದೂ ಕೋರುತ್ತೇನೆ.