ಸುತ್ತಿಗೆಯಿಲ್ಲದ ಹರಾಜು

ಕುರ್ಲಾ ಪಶ್ಚಿಮದ ಸಿಎಸ್‌ಟಿ ರಸ್ತೆಯಲ್ಲಿ ಹಳೆಯ ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳಿಗೆ ಬರುವ ಗಿರಾಕಿಯು ಗೇರಿನ ಹಲ್ಲುಗಳು ಎಷ್ಟು ಸವೆದಿವೆಯೆಂದು ಬೆರಳಿನಿಂದ ಸವರಿ ನೋಡಿ, ಎಣ್ಣೆಯ ಜಿಡ್ಡನ್ನು ಚಿಂದಿಯಿಂದ ಒರೆಸಿ, ಆಮೇಲಷ್ಟೇ ಚೌಕಾಸಿಗೆ ಇಳಿಯುತ್ತಾನೆ. ಆನ್‌ಲೈನ್ ಹರಾಜಿನಲ್ಲಿ ಆ ಬೆರಳಿಗೆ ಕೆಲಸವಿಲ್ಲ. ಅಲ್ಲಿರುವುದು ನಾಲ್ಕು ಚಿತ್ರ, ಐದು ಸಾಲಿನ ವಿವರಣೆ ಮತ್ತು ಹಿಮ್ಮುಖವಾಗಿ ಓಡುವ ಗಡಿಯಾರ ಮಾತ್ರ. ಈ ಕೊರತೆಯನ್ನು ಕಾನೂನು ಎಷ್ಟರಮಟ್ಟಿಗೆ ತುಂಬಿಕೊಡುತ್ತದೆ ಎಂಬುದು ಕೊಂಡ ವಸ್ತುವಿಗಿಂತ ಹೆಚ್ಚಾಗಿ, ಕೊಂಡವನು ಯಾರು, ಯಾರಿಂದ ಕೊಂಡ, ಯಾತಕ್ಕಾಗಿ ಕೊಂಡ ಎಂಬ ಮೂರು ಪ್ರಶ್ನೆಗಳನ್ನು ಅವಲಂಬಿಸಿದೆ.

ಭಾರತದಲ್ಲಿ ಜನಸಾಮಾನ್ಯರಿಗೆ ಈ ಬಗೆಯ ಹರಾಜನ್ನು ಪರಿಚಯಿಸಿದ್ದು 2000ರಲ್ಲಿ ಆರಂಭವಾದ ಬಾಝೀ ಡಾಟ್ ಕಾಮ್. 2004ರಲ್ಲಿ ಅದನ್ನು ಅಮೆರಿಕದ ಈಬೇ ಕೊಂಡುಕೊಂಡಿತು. ಕೊಳ್ಳುವವನ ಹಣವನ್ನು ನೇರವಾಗಿ ಮಾರುವವನ ಕೈಗೆ ಕೊಡದೆ, ಸರಕು ತಲುಪುವವರೆಗೆ ನಡುವೆ ಹಿಡಿದಿಟ್ಟುಕೊಳ್ಳುವ ‘ಪೈಸಾಪೇ’ ಎಂಬ ಏರ್ಪಾಡು ಅಲ್ಲಿತ್ತು. 2018ರ ಆಗಸ್ಟ್‌ನಲ್ಲಿ ಆ ಭಾರತೀಯ ತಾಣ ಮುಚ್ಚಿತು. ಇಂದು ದೇಶದ ದೊಡ್ಡ ಮೊತ್ತದ ಆನ್‌ಲೈನ್ ಹರಾಜುಗಳಲ್ಲಿ ಬಹಳಷ್ಟು ಸಾಂಸ್ಥಿಕವಾದವು: ಸಾಲ ತೀರದೆ ಬ್ಯಾಂಕುಗಳು ವಶಪಡಿಸಿಕೊಂಡ ವಾಹನಗಳು, ರೈಲ್ವೆಯ ಗುಜರಿ (ಮುಂಬಯಿಯವರ ಬಾಯಲ್ಲಿ ಭಂಗಾರ್), ಸರಕಾರಿ ಸ್ವಾಮ್ಯದ ಎಂಎಸ್‌ಟಿಸಿ ಮೂಲಕ ವಿಲೇವಾರಿಯಾಗುವ ಸರಕು.

ಹರಾಜಿನ ಮೂಲ ನಿಯಮ ಇರುವುದು ಅಂತರ್ಜಾಲದ ಕಲ್ಪನೆಯೂ ಇಲ್ಲದ ಕಾಲದ ಶಾಸನದಲ್ಲಿ, ಅಂದರೆ 1930ರ ಸರಕು ಮಾರಾಟ ಕಾಯ್ದೆಯ 64ನೆಯ ಕಲಮಿನಲ್ಲಿ. ಸುತ್ತಿಗೆ ಬಿದ್ದಾಗ ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಘೋಷಿಸಿದಾಗ ಮಾರಾಟ ಪೂರ್ಣಗೊಳ್ಳುತ್ತದೆ, ಅಲ್ಲಿಯವರೆಗೆ ಸವಾಲು ಕೂಗಿದವನು ಅದನ್ನು ಹಿಂತೆಗೆದುಕೊಳ್ಳಬಹುದು ಎಂದು ಅದು ಹೇಳುತ್ತದೆ. ಆದರೆ ಹಿಂದೆ ಸರಿದವನ ಮುಂಗಡ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಷರತ್ತು ಸಾಂಸ್ಥಿಕ ಹರಾಜುಗಳಲ್ಲಿ ಸಾಮಾನ್ಯ. ಇನ್ನೂ ಮುಖ್ಯವಾದ ಮಾತೆಂದರೆ, ಮಾರುವವನು ಮೊದಲೇ ತಿಳಿಸದೆ ತಾನೇ ಸವಾಲು ಹಾಕುವುದು, ಇಲ್ಲವೇ ತನ್ನ ಕಡೆಯವರಿಂದ ಹಾಕಿಸುವುದು ಕಾನೂನುಬಾಹಿರ. ಬೆಲೆ ಏರಿಸಲು ಹುಸಿ ಸವಾಲು ಹಾಕಿಸಿದ್ದರೆ ಆ ಮಾರಾಟವನ್ನು ರದ್ದುಪಡಿಸುವ ಆಯ್ಕೆ ಕೊಂಡವನದು. ಪರದೆಯ ಹಿಂದೆ ಕೂಗಿದವರು ಯಾರೆಂದು ಕಾಣದ ಆನ್‌ಲೈನ್ ಹರಾಜಿನಲ್ಲಿ ಇದನ್ನು ಸಾಬೀತುಪಡಿಸುವುದು ಮಾತ್ರ ಸುಲಭವಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು 2020ರ ಇ-ವಾಣಿಜ್ಯ ನಿಯಮಗಳು ಕೊಡುವ ರಕ್ಷಣೆ ಇದಕ್ಕಿಂತ ಹೆಚ್ಚು ಕೈಗೆಟಕುವಂಥದ್ದು. ಬಂದ ಸರಕು ದೋಷಯುಕ್ತವಾಗಿದ್ದರೆ, ವಿವರಣೆಗೆ ಹೊಂದದಿದ್ದರೆ ಅಥವಾ ಹೇಳಿದ ಅವಧಿ ಮೀರಿ ತಲುಪಿದರೆ ಅದನ್ನು ಹಿಂಪಡೆಯಲು, ಹಣ ಮರಳಿಸಲು ಮಾರಾಟಗಾರನು ನಿರಾಕರಿಸುವಂತಿಲ್ಲ. ತಾಣದ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆದರೆ ಈ ನಿಯಮಗಳು ವ್ಯಾಪಾರವನ್ನೇ ಕಸುಬಾಗಿಸಿಕೊಳ್ಳದೆ ಮನೆಯ ಹಳೆಯ ಕ್ಯಾಮೆರಾವನ್ನೊಮ್ಮೆ ಮಾರಿದ ಖಾಸಗಿ ವ್ಯಕ್ತಿಗೆ ಅನ್ವಯಿಸುವುದಿಲ್ಲ.

ಕೊಂಡ ಉದ್ದೇಶದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಮುಂಬಯಿ ಕನ್ನಡಿಗರಲ್ಲಿ ಹೋಟೆಲು ನಡೆಸುವವರೂ ಅನೇಕರಿದ್ದಾರೆ. ಹತ್ತಾರು ಕೆಲಸಗಾರರಿರುವ ಹೋಟೆಲಿಗೆಂದು ಹರಾಜಿನಲ್ಲಿ ಗ್ರೈಂಡರು ಕೊಂಡರೆ ಅದು ವಾಣಿಜ್ಯ ಉದ್ದೇಶವೆನಿಸಿ, ಕೊಂಡವರು ಕಾಯ್ದೆಯ ಅರ್ಥದಲ್ಲಿ ‘ಗ್ರಾಹಕ’ರಾಗದೆ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಬಹುದು. ತಾನೇ ಓಡಿಸಿ ಹೊಟ್ಟೆ ಹೊರೆಯಲು ಆಟೋರಿಕ್ಷಾ ಕೊಂಡವನು ಮಾತ್ರ ಗ್ರಾಹಕನೇ ಎಂಬುದನ್ನು ಸುಪ್ರೀಂ ಕೋರ್ಟು 1995ರ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ವಿವರಿಸಿದೆ. ಚಂಡೀಗಢದ ನಿವೇಶನಗಳ ಹರಾಜಿಗೆ ಸಂಬಂಧಿಸಿದ 2009ರ ತೀರ್ಪಿನಲ್ಲಿ ಅದೇ ನ್ಯಾಯಾಲಯವು, ಇದ್ದ ನಿವೇಶನವನ್ನು ಇದ್ದ ಸ್ಥಿತಿಯಲ್ಲೇ ನೋಡಿ ಸವಾಲು ಹಾಕಿದವನು ಆಮೇಲೆ ಸೌಕರ್ಯಗಳ ಕೊರತೆಯ ಬಗ್ಗೆ ಗ್ರಾಹಕನಾಗಿ ದೂರಲಾಗದು ಎಂದಿತು. ‘ಇದ್ದಲ್ಲಿ, ಇದ್ದ ಹಾಗೆ’ ಎಂಬ ಷರತ್ತನ್ನು ಹಗುರವಾಗಿ ಓದಬಾರದೆನ್ನುವುದು ಇದರಿಂದಾಗಿ. ವಾಹನವಾದರೆ ನಿಂತಿರುವ ಯಾರ್ಡಿಗೆ ಹೋಗಿ ಎಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದೊಡನೆ ತಾಳೆ ನೋಡಲು ಅವಕಾಶವಿರುವುದು ಸಾಮಾನ್ಯವಾಗಿ ಸವಾಲಿಗೆ ಮುಂಚೆ ಮಾತ್ರ.

ಗ್ರಾಹಕರೆನಿಸಿಕೊಂಡವರಿಗೆ ದಾರಿ ಸಾಕಷ್ಟು ಸಲೀಸು. ತಾಣದವರು ಸ್ಪಂದಿಸದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಹಣ ಪಡೆದು ನಾಪತ್ತೆಯಾದ ವಂಚಕನ ವಿಷಯದಲ್ಲಿ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಅದೂ ಫಲಿಸದಾಗ ಜಿಲ್ಲಾ ಗ್ರಾಹಕ ಆಯೋಗ. 1986ರ ಹಳೆಯ ಕಾಯ್ದೆಯಡಿ ಎದುರು ಪಕ್ಷ ಇರುವಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಹೂಡಬೇಕಿತ್ತು. ಈಗ ದೂರುದಾರನು ವಾಸಿಸುವ ಜಿಲ್ಲೆಯಲ್ಲೂ ಹೂಡಬಹುದಾದ್ದರಿಂದ, ಮಾರಿದವನು ಕೊಯಮತ್ತೂರಿನಲ್ಲಿದ್ದರೂ ಕುರ್ಲಾದ ನಿವಾಸಿಯು ತನ್ನ ತಾಲೂಕು ಸೇರಿರುವ ಮುಂಬಯಿ ಉಪನಗರ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಾಲಮಿತಿ ಎರಡು ವರ್ಷ. ಕಾಯ್ದೆ ಮೂರು ತಿಂಗಳಲ್ಲಿ ತೀರ್ಪಿನ ಆಶಯ ಇಟ್ಟುಕೊಂಡಿದೆ, ಆಯೋಗಗಳ ದಿನಚರಿ ಅದಕ್ಕೆ ಒಪ್ಪುವುದು ಅಪರೂಪ.

ದೂರು ನಿಲ್ಲುವುದು ದಾಖಲೆಯ ಮೇಲೆ. ಹರಾಜು ಮುಗಿದ ಮೇಲೆ ವಸ್ತುವಿನ ವಿವರಣೆಯ ಪುಟ ತಾಣದಿಂದ ಮಾಯವಾಗಬಹುದು. ಆದ್ದರಿಂದ ‘ಬ್ಯಾಟರಿ ಚೆನ್ನಾಗಿದೆ’ ಎಂಬ ಮಾರುವವನ ಸಾಲು, ಷರತ್ತುಗಳ ಪುಟ, ಸವಾಲುಗಳ ಪಟ್ಟಿ ಇವುಗಳ ಚಿತ್ರಗಳನ್ನು ಗಡಿಯಾರ ಓಡುತ್ತಿರುವಾಗಲೇ ತೆಗೆದಿಟ್ಟುಕೊಳ್ಳಬೇಕು. ಪೊಟ್ಟಣ ಬಂದಾಗ ಅದರ ಮೇಲಿನ ವಿಳಾಸದ ಚೀಟಿಯಿಂದ ಹಿಡಿದು ಒಳಗಿನ ವಸ್ತು ಚಾಲೂ ಆಗುವವರೆಗೆ ಎಲ್ಲಿಯೂ ತುಂಡಾಗದ ಒಂದೇ ವಿಡಿಯೊ ಇರಬೇಕು.