ಬೀಗ ಹಾಕಿದ ಮನೆ, ಬೀಟ್ ಪೊಲೀಸ್

ಮನೆಯಲ್ಲಿ ಯಾರೂ ಇಲ್ಲ ಅಂತ ಕಳ್ಳರಿಗೆ ಗೊತ್ತಾಗುವುದು ಹೇಗೆ?

ಬಾಗಿಲ ಮುಂದೆ ರಂಗೋಲಿ ಇಲ್ಲ.
ಗೇಟಿನಲ್ಲಿ ಮೂರು ದಿನದ ಪೇಪರ್.
ಹಗಲಲ್ಲೂ ಉರಿಯುವ ಬಲ್ಬ್.
ಬೋರ್ಡ್ ಬರೆದು ನೇತುಹಾಕಿದ ಹಾಗೆ!

ಹಾಸನ, ಹೊಳೆನರಸೀಪುರ,
ಅರಕಲಗೂಡು, ಚನ್ನರಾಯಪಟ್ಟಣ...
ಎಲ್ಲ ಕಡೆ ಠಾಣೆಯ ವ್ಯಾಪ್ತಿ ಬೀಟ್‌ಗಳಾಗಿ ಹಂಚಿಕೆಯಾಗಿರುತ್ತದೆ.
2025ರಲ್ಲಿ ರಾಜ್ಯದಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು.
ಬೀಟ್ ಸಿಬ್ಬಂದಿ ಬಾಗಿಲಿಗೇ ಬಂದು ಪರಿಚಯ ಮಾಡಿಕೊಳ್ಳುವ ಯೋಜನೆ.

ಮದುವೆಗೋ, ಧರ್ಮಸ್ಥಳಕ್ಕೋ ಹೊರಟವರು
ಠಾಣೆಗೆ ಮೊದಲೇ ತಿಳಿಸಿದರೆ,
ರಾತ್ರಿ ಗಸ್ತಿನವರು ಆ ಬೀದಿಯ ಮೇಲೆ ಕಣ್ಣಿಡಬಹುದು.
ಎಷ್ಟೋ ಜನ ಠಾಣೆಗೆ ಹೇಳುವುದಿಲ್ಲ,
ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಊರಿಗೆಲ್ಲ ಹೇಳುತ್ತಾರೆ!

ಒಡವೆಗೆ ಬ್ಯಾಂಕ್ ಲಾಕರ್ರೇ ಸರಿ.
ಬೀರುವಿನ ಕೀ ಬೀರುವಿನ ಮೇಲೇ ಇರುತ್ತದೆ,
ಇದು ಕಳ್ಳರಿಗೂ ಗೊತ್ತು.

ಬಾಗಿಲು ಮುರಿದಿದ್ದರೆ ಒಳಗೆ ಹೋಗಬಾರದು.
ಮೊದಲು 112ಕ್ಕೆ ಕರೆ.
ಬೆರಳಚ್ಚು ತಜ್ಞರು, ಶ್ವಾನದಳ ಬರುವ ತನಕ
ಏನನ್ನೂ ಮುಟ್ಟುವಂತಿಲ್ಲ.