ಹತ್ತಕ್ಕೆ ಮೂವತ್ತಮೂರು

ಐದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 500 ಕೋಟಿ ಮಿಡಿತ. ಸರಿ, ಕೇಳಿ ಕೇಳಿ ಹಳತಾದ ಸಂಖ್ಯೆ. ಈಗ ಇದನ್ನು ಕೇಳಿ: ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವಿನ ಬಿಡುವಿನಲ್ಲಿ ಬೆಳಕು, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಅದೇ ಬೆಳಕು, ಸಾಗುವುದು ಬರೀ ಆರು ಸೆಂಟಿಮೀಟರ್! ನಿಮ್ಮ ತೋರುಬೆರಳಿನ ಬುಡದಿಂದ ಹೊರಟರೆ ತುದಿ ಮುಟ್ಟುವುದು ಅನುಮಾನ. ಅಷ್ಟು ಹೊತ್ತಿನಲ್ಲಿ ಒಂದು ಕೂಡುವ ಲೆಕ್ಕ ಮುಗಿಸಿ ಕೂತಿರುವ ಸಿಲಿಕಾನ್ ಚೂರಿಗೆ 'ಸಾಲದು, ಇನ್ನೂ ಬೇಗ' ಎಂದು ಗದರುವುದೇ ಓವರ್‌ಕ್ಲಾಕಿಂಗ್. ಗೇಮ್ ಆಡುವುದಕ್ಕೆ ಇದು ಬೇಕೇ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಅಲ್ಲ, ದುಬೈನ ಕಂಪ್ಯೂಟರ್ ಸ್ಟ್ರೀಟಿನಲ್ಲೂ ಅಲ್ಲ. ಅಬುಧಾಬಿಯಿಂದ ಪಶ್ಚಿಮಕ್ಕೆ ಸುಮಾರು 240 ಕಿಲೋಮೀಟರ್ ದೂರದ ರುವೈಸ್‌ನಲ್ಲಿ, ಪಂಪು ನೋಡಿಕೊಳ್ಳುವವರ ಬಾಯಿಂದ.

ರುವೈಸ್ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಡೆ ಕೊಲ್ಲಿಯ ನೀರು, ಇನ್ನೊಂದು ಕಡೆ ಅಲ್ ಧಫ್ರಾದ ಮರಳು, ನಡುವೆ ಅಡ್ನಾಕ್‌ನ ದೊಡ್ಡ ತೈಲ ಸಂಸ್ಕರಣಾಗಾರ, ಬೊರೂಜ್‌ನ ಪ್ಲಾಸ್ಟಿಕ್ ಕಾರ್ಖಾನೆ, ಅಲ್ಲಿ ದುಡಿಯುವವರಿಗೆಂದು ಕಟ್ಟಿದ ಹೌಸಿಂಗ್ ಕಾಂಪ್ಲೆಕ್ಸ್. ಇನ್ನೂ ಪಶ್ಚಿಮಕ್ಕೆ ಹೋದರೆ ಬರಾಕಾ ಅಣುಸ್ಥಾವರ: ನಾಲ್ಕು ಘಟಕ, ಒಟ್ಟು 5,600 ಮೆಗಾವಾಟ್, ದೇಶದ ಕರೆಂಟಿನ ಸುಮಾರು ಕಾಲು ಪಾಲು. ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ ಮಾಮೂಲು. ಈ ಊರಿನ ಕಸುಬೇ ಶಾಖ. ಕಾಯಿಸುವುದು, ಕಾದದ್ದನ್ನು ತಣಿಸುವುದು, ಮತ್ತೆ ಕಾಯಿಸುವುದು.

ಅಂಥ ಊರಿನಲ್ಲಿ ನನ್ನ ಅಕ್ಕನ ಮನೆ. ಭಾವ ತಿರುಗುವ ಯಂತ್ರಗಳ ಮೆಂಟೆನೆನ್ಸಿನವರು, ಮಗ ಗೇಮ್ ಹುಚ್ಚಿನವನು. ಹುಡುಗ ಗುಣಕದ ಬೀಗ ತೆಗೆದ ಪ್ರೊಸೆಸರ್ ತಂದು ತಾನೇ ಕೈಯಾರೆ ಜೋಡಿಸಿದ್ದಾನೆ. ಪವರ್ ಒತ್ತಿದವನೇ ಡಿಲೀಟ್ ಕೀಲಿಯನ್ನು ಟಕಟಕ ಕುಟ್ಟಿದ, ಬಯಾಸ್ ತೆರೆಯಿತು. ಅಲ್ಲಿ ಒಂದು ಸಾಲು: ಮೂಲ ಗಡಿಯಾರ 100 ಮೆಗಾಹರ್ಟ್ಸ್, ಗುಣಕ 50. ಇವನು 50 ಅಳಿಸಿ 55 ಎಂದು ಒತ್ತಿದ. ಅಷ್ಟೇ, ನೋಡಿ! ಒಂದು ಅಂಕಿ ಬದಲಿಸಿದರೆ ಸೆಕೆಂಡಿಗೆ 50 ಕೋಟಿ ಮಿಡಿತ ಹೆಚ್ಚುವರಿ. ವಿಂಡೋಸ್ ತೆರೆದುಕೊಳ್ಳುವ ಮೊದಲೇ ನೀಲಿ ಪರದೆ ಬಂತು. ಅವನಿಗೆ ಅದು ಲೆಕ್ಕಕ್ಕೇ ಇಲ್ಲ. "ವೋಲ್ಟೇಜ್ ಸಾಲ್ತಿಲ್ಲ ಮಾವ" ಅಂದವನೇ ಮತ್ತೆ ಒಳಗೆ ಹೋಗಿ ವೋಲ್ಟೇಜ್ ಏರಿಸಿದ. ಈ ಸಲ ನಿಂತಿತು. ಪರದೆಯ ಮೂಲೆಯಲ್ಲಿ ಉಷ್ಣತೆಯ ಅಂಕಿ ಮಾತ್ರ ಎಪ್ಪತ್ತು ದಾಟಿ, ಎಂಬತ್ತು ದಾಟಿ, ಕೆಂಪಾಯಿತು. ಫ್ಯಾನು ಕೂಗತೊಡಗಿತು.

ಹಿಂದೆ ನಿಂತು ಚಹಾ ಕುಡಿಯುತ್ತಿದ್ದ ಭಾವ, "ಸ್ಪೀಡು ಎಷ್ಟು ಏರಿಸಿದೆ?" ಅಂದರು.

"ಹತ್ತು ಪರ್ಸೆಂಟು ಅಪ್ಪ."

"ಹಾಗಾದರೆ ಕರೆಂಟು ಮೂವತ್ತಮೂರು ಪರ್ಸೆಂಟು ಜಾಸ್ತಿ ಎಳೀತದೆ. ನಮ್ಮ ಪಂಪಿನದ್ದೂ ಅದೇ ಕಥೆ ಮಾರಾಯ."

ನಾನು ಬೆಚ್ಚಿದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಸೆಂಟ್ರಿಫ್ಯೂಗಲ್ ಪಂಪಿನ ವೇಗ ಏರಿಸಿದಷ್ಟೇ ಪಟ್ಟು ಹರಿವು ಏರುತ್ತದೆ, ಒತ್ತಡ ಅದರ ವರ್ಗದಷ್ಟು, ಬೇಕಾಗುವ ಶಕ್ತಿ ಅದರ ಘನದಷ್ಟು. 1.1ನ್ನು ಮೂರು ಸಲ ಗುಣಿಸಿ: 1.331. ಇನ್ನು ಚಿಪ್ಪಿಗೆ ಬನ್ನಿ. ಅದು ತಿನ್ನುವ ಶಕ್ತಿ ವೋಲ್ಟೇಜಿನ ವರ್ಗ ಗುಣಿಸು ಗಡಿಯಾರದ ವೇಗ. ಮೇಲಿನ ಗಡಿಯ ಹತ್ತಿರ ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಸರಿಸುಮಾರು ಅಷ್ಟೇ ಏರಿಸಬೇಕು. ವರ್ಗಕ್ಕೆ ಇನ್ನೊಂದು ಸೇರಿತು, ಘನವೇ ಆಯಿತು! ಆಳೆತ್ತರದ ಕಬ್ಬಿಣದ ಪಂಪು ಕಚ್ಚಾತೈಲ ತಳ್ಳುತ್ತದೆ. ಉಗುರಿನಷ್ಟಗಲದ ಸಿಲಿಕಾನು ಎಲೆಕ್ಟ್ರಾನು ತಳ್ಳುತ್ತದೆ. ಒಂದರ ಭೌತಶಾಸ್ತ್ರಕ್ಕೂ ಇನ್ನೊಂದರದ್ದಕ್ಕೂ ನಂಟಿಲ್ಲ. ಆದರೂ ಬಿಲ್ಲು ಬರುವಾಗ ಇಬ್ಬರದ್ದೂ ಒಂದೇ ಲೆಕ್ಕ. ಭೌತಶಾಸ್ತ್ರದ ಮೇಷ್ಟ್ರುಗಳು ಇದನ್ನು ಕ್ಲಾಸಿನಲ್ಲಿ ಯಾಕೆ ಹೇಳುವುದಿಲ್ಲವೋ ನನಗೆ ಗೊತ್ತಿಲ್ಲ.

ಶಾಖದ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಕೂಲರ್ ಎಷ್ಟೇ ದೊಡ್ಡದಿರಲಿ, ಗಾಳಿಯದ್ದಿರಲಿ ನೀರಿನದ್ದಿರಲಿ, ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆಗಿಂತ 60 ಡಿಗ್ರಿ ಮೇಲೆ ಓಡುವ ಚಿಪ್ಪು 24 ಡಿಗ್ರಿಯ ಕೋಣೆಯಲ್ಲಿ 84ಕ್ಕೆ ನಿಲ್ಲುತ್ತದೆ; ಏಸಿ ಕೈಕೊಟ್ಟು ಕೋಣೆ 34 ಆದರೆ 94. ಈಚಿನ ಪ್ರೊಸೆಸರ್‌ಗಳು 90ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಅಂದರೆ ರುವೈಸ್‌ನ ಜುಲೈಯಲ್ಲಿ ಕಷ್ಟಪಟ್ಟು ಏರಿಸಿದ ಶೇಕಡಾ ಹತ್ತು ಹಾಗೇ ಆವಿಯಾಗಬಹುದು. ಚಿಪ್ಪು ಹೊರಹಾಕಿದ ಶಾಖವನ್ನು ಏಸಿ ಮತ್ತೆ ಹೊರಗೆ ಸಾಗಿಸಬೇಕಲ್ಲ, ಅದರ ಕರೆಂಟು ಬೇರೆ.

ಸರಿ, ಇಷ್ಟೆಲ್ಲ ತೆತ್ತು ಗೇಮ್ ಎಷ್ಟು ಬೇಗವಾಯಿತು? ಹುಡುಗ ಆಡುತ್ತಿದ್ದ ಆ ಭರ್ಜರಿ ಗ್ರಾಫಿಕ್ಸಿನ ಆಟದಲ್ಲಿ ಏನೂ ಇಲ್ಲ. ಇದ್ದಷ್ಟೇ! ಅವನ ಮುಖ ನೋಡಬೇಕಿತ್ತು. ಭಾವನಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ. ಪ್ಲಾಂಟಿನವರ ಬಾಯಲ್ಲಿ ದಿನಾ ಉರುಳುವ ಮಾತು 'ಡಿಬಾಟಲ್‌ನೆಕಿಂಗ್': ಇಡೀ ಸಾಲಿನಲ್ಲಿ ಹರಿವು ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕಿ ಅಲ್ಲಿ ಮಾತ್ರ ಅಗಲ ಮಾಡುವುದು. ಮುಂದಿನ ಹೀಟ್ ಎಕ್ಸ್‌ಚೇಂಜರ್ ಕಿರಿದಾಗಿದ್ದರೆ ಹಿಂದಿನ ಪಂಪನ್ನು ಎಷ್ಟು ತಿರುಗಿಸಿದರೂ ದಂಡ. ದೊಡ್ಡ ರೆಸಲ್ಯೂಷನ್ನಿನಲ್ಲಿ ಆಡುವಾಗ ಕಿರಿದಾದ ಜಾಗ ಗ್ರಾಫಿಕ್ಸ್ ಕಾರ್ಡು. ಪ್ರೊಸೆಸರ್ ತನ್ನ ಪಾಲು ಮುಗಿಸಿ ಕೈಕಟ್ಟಿ ಕೂತಿರುತ್ತದೆ.

ಪ್ರೊಸೆಸರೇ ಕಿರಿದಾದ ಜಾಗವಾಗುವ ಆಟಗಳೂ ಇವೆ: 1080ಪಿ ಪರದೆಯಲ್ಲಿ ಸೆಕೆಂಡಿಗೆ ನೂರಾರು ಫ್ರೇಮು ಬೇಡುವ ಕೌಂಟರ್-ಸ್ಟ್ರೈಕ್ ಥರದವು, ಊರು ಕಟ್ಟುವ, ವಿಮಾನ ಹಾರಿಸುವ ಸಿಮ್ಯುಲೇಷನ್‌ಗಳು. ಅಲ್ಲಾದರೂ ಗೆಲುವು ಗ್ಯಾರಂಟಿಯೇ? ನನ್ನನ್ನು ನಿಜಕ್ಕೂ ಮೂಕನನ್ನಾಗಿಸಿದ್ದು ಇಲ್ಲಿಯ ಲೆಕ್ಕ. ಸೆಕೆಂಡಿಗೆ 60 ಫ್ರೇಮು ಅಂದರೆ ಒಂದು ಫ್ರೇಮಿಗೆ 8 ಕೋಟಿಗೂ ಮೀರಿದ ಮಿಡಿತ. ಅಷ್ಟು ಮಿಡಿತದಲ್ಲಿ ಈ ಮಹಾಶಯ ಮಾಡುವುದೇನು? ಎಷ್ಟೋ ಹೊತ್ತು ಕಾಯುವುದು! ರ‍್ಯಾಮ್‌ನಿಂದ ಒಂದು ಅಂಕಿ ಬರಲು ಸುಮಾರು 70–80 ನ್ಯಾನೊಸೆಕೆಂಡ್. ಐದು ಗಿಗಾಹರ್ಟ್ಸಿನಲ್ಲಿ ಅದು ಹೆಚ್ಚುಕಡಿಮೆ 400 ಮಿಡಿತ. ಒಗ್ಗರಣೆಗೆ ಎಣ್ಣೆ ಕಾಯಿಸಿಟ್ಟು ಸಾಸಿವೆ ತರಲು ಪೇಟೆಗೆ ಹೋದ ಹಾಗೆ. ಗಡಿಯಾರ ಏರಿಸಿದರೆ ಒಲೆಯ ಉರಿ ಜೋರಾಗುತ್ತದೆ, ಪೇಟೆ ಹತ್ತಿರ ಬರುವುದಿಲ್ಲ.

ಒಲೆಯ ಪಕ್ಕದ ಡಬ್ಬಿಯನ್ನೇ ದೊಡ್ಡದು ಮಾಡಿದರೆ? ಎಎಂಡಿ 2022ರ ಏಪ್ರಿಲ್‌ನಲ್ಲಿ ಮಾಡಿದ್ದು ಅದನ್ನೇ. ರೈಜನ್ 7 5800ಎಕ್ಸ್3ಡಿ ಎಂಬ ಚಿಪ್ಪಿನ ನೆತ್ತಿಯ ಮೇಲೆ ಇನ್ನೊಂದು ಸಿಲಿಕಾನು ಕೂರಿಸಿ, 32 ಮೆಗಾಬೈಟಿನ ಕ್ಯಾಷನ್ನು, ಅಂದರೆ ಚಿಪ್ಪಿನೊಳಗಿನ ಆ ಡಬ್ಬಿಯನ್ನು, 96 ಮಾಡಿತು. ಮೇಲಿನ ಪದರದ ತಾಮ್ರಕ್ಕೂ ಕೆಳಗಿನ ಪದರದ ತಾಮ್ರಕ್ಕೂ ನೇರ ಬೆಸುಗೆ, ನಡುವೆ ಸಾಲ್ಡರ್ ಗುಂಡಿನ ಹಂಗೂ ಇಲ್ಲ. ಮೇಲಿನ ಮಿತಿ 4.5 ಗಿಗಾಹರ್ಟ್ಸ್, ಅದರದೇ ಅಣ್ಣ 5800ಎಕ್ಸ್‌ನ 4.7ಕ್ಕಿಂತ ನಿಧಾನ, ಗುಣಕಕ್ಕೆ ಬೀಗ ಬೇರೆ, ಓವರ್‌ಕ್ಲಾಕ್ ಮಾಡುವ ಮಾತೇ ಇಲ್ಲ. ಆದರೂ ಆಟದಲ್ಲಿ ಅಣ್ಣನನ್ನು ಹಿಂದೆ ಹಾಕಿತು! ನಿಧಾನವಾಗಿ ಓಡಿ ಮೊದಲು ಮುಟ್ಟಿತು.

ಒಂದು ಕಾಲದಲ್ಲಿ ಓವರ್‌ಕ್ಲಾಕಿಂಗ್ ನಿಜಕ್ಕೂ ನಿಧಿ ಸಿಕ್ಕ ಹಾಗಿತ್ತು. 1998ರ ಆಗಸ್ಟ್‌ನಲ್ಲಿ ಇಂಟೆಲ್ ಒಂದೇ ದಿನ ಈ ಎರಡು ಚಿಪ್ಪನ್ನೂ ಬಿಟ್ಟಿತು: 669 ಡಾಲರಿನ ಪೆಂಟಿಯಂ 2, 450 ಮೆಗಾಹರ್ಟ್ಸ್, 149 ಡಾಲರಿನ ಸೆಲೆರಾನ್ 300ಎ, 300 ಮೆಗಾಹರ್ಟ್ಸ್. ಸೆಲೆರಾನಿನ ಗುಣಕ ನಾಲ್ಕೂವರೆ, ಬಸ್ಸಿನ, ಅಂದರೆ ಮೂಲ ಗಡಿಯಾರದ, ವೇಗ 66. ಬಸ್ಸನ್ನು 100 ಮಾಡಿದರೆ? 450! ಬಸ್ಸಿನ ವೇಗವನ್ನು ತಾನೇ ನಿರ್ಧರಿಸುವ ಹಟಮಾರಿ ಬೋರ್ಡುಗಳಿದ್ದರೆ, ಬಿ21 ಎಂಬ ಒಂದೇ ಒಂದು ಪಿನ್ನಿಗೆ ಪುಟ್ಟ ಟೇಪಿನ ಚೂರು ಅಂಟಿಸಿ ಮಂಗ ಮಾಡುತ್ತಿದ್ದರು. ಅಷ್ಟು ಅಗ್ಗದ ಟೇಪು ಅಷ್ಟು ಡಾಲರು ಉಳಿಸಿದ್ದು ಇನ್ನೆಲ್ಲೂ ಇರಲಿಕ್ಕಿಲ್ಲ.

ಆ ಸಡಿಲ ಈಗ ಎಲ್ಲಿ ಹೋಯಿತು? ಚಿಪ್ಪು ಮಾಡುವವರೇ ಗುಡಿಸಿಕೊಂಡರು. 2008ರ ಕೊನೆಗೆ ಇಂಟೆಲ್ ಡೆಸ್ಕ್‌ಟಾಪಿಗೆ ಚಿಪ್ಪು ತಾನೇ ವೇಗ ಏರಿಸಿಕೊಳ್ಳುವ ಟರ್ಬೊ ಬೂಸ್ಟ್ ತಂದಿತು. ಇಂದಿನ ರೈಜನ್‌ಗಳು ತಮ್ಮ ಶಾಖ, ಕರೆಂಟು, ವೋಲ್ಟೇಜನ್ನು ಸೆಕೆಂಡಿಗೆ ಸಾವಿರ ಸಲ ತಾವೇ ಅಳೆದು, 25 ಮೆಗಾಹರ್ಟ್ಸಿನ ಪುಟ್ಟ ಮೆಟ್ಟಿಲಿನಲ್ಲಿ ಹತ್ತಿಳಿಯುತ್ತವೆ. ಅಂದರೆ ಪ್ರತಿಯೊಂದು ಚಿಪ್ಪೂ ಹಗಲಿರುಳು ತನ್ನನ್ನು ತಾನೇ ಓವರ್‌ಕ್ಲಾಕ್ ಮಾಡಿಕೊಳ್ಳುತ್ತಿದೆ! ಚಿಪ್ಪಿನ ವಿನ್ಯಾಸದ ಹಿಂದೆ ನಮ್ಮವರೂ ಇದ್ದಾರೆ: ಡನ್ನಿಂಗ್ಟನ್ ಎಂಬ ಆರು ಕೋರಿನ, 190 ಕೋಟಿ ಟ್ರಾನ್ಸಿಸ್ಟರುಗಳ ಸರ್ವರ್ ಚಿಪ್ಪು ವಿನ್ಯಾಸವಾದದ್ದು ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ, ಮಾರುಕಟ್ಟೆಗೆ ಬಂದದ್ದು 2008ರಲ್ಲಿ. 2023ರ ನವೆಂಬರ್‌ನಲ್ಲಿ ತೆರೆದ ಎಎಂಡಿಯ ಅತಿದೊಡ್ಡ ವಿನ್ಯಾಸ ಕೇಂದ್ರ ಇರುವುದೂ ಬೆಂಗಳೂರಿನಲ್ಲೇ.

ಗಡಿ ಎಷ್ಟು ಹತ್ತಿರವಿದೆ ಎಂಬುದಕ್ಕೆ 2024 ಸಾಕ್ಷಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್ಪುಗಳು, ಯಾರೂ ಮುಟ್ಟದೆಯೇ, ಬೇಕಿದ್ದಕ್ಕಿಂತ ಹೆಚ್ಚು ವೋಲ್ಟೇಜು ಕೇಳಿ ಕೇಳಿ ಸವೆದವು. ಕಂಪನಿ ಆಗಸ್ಟ್‌ನಲ್ಲಿ ಮೈಕ್ರೊಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಕಂಪನಿಯೇ ಅಂಚಿಗೆ ತಂದು ನಿಲ್ಲಿಸಿದ್ದನ್ನು ನಾವು ಇನ್ನೂ ತಳ್ಳುವುದೇ?

ನನ್ನ ಮಟ್ಟಿಗೆ ಉತ್ತರ: ಆಟಕ್ಕಾದರೆ ಬೇಡ. ಕೂಲರಿಗೆ, ದುಬಾರಿ ಬೋರ್ಡಿಗೆ ಸುರಿಯುವ ದಿರ್ಹಮ್ಮನ್ನು ಗ್ರಾಫಿಕ್ಸ್ ಕಾರ್ಡಿಗೋ ದೊಡ್ಡ ಕ್ಯಾಷಿನ ಪ್ರೊಸೆಸರಿಗೋ ಹಾಕಿ. ರ‍್ಯಾಮ್ ತನ್ನ ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕೆ ಓಡುತ್ತಿದೆಯೇ ಎಂದು ಬಯಾಸ್‌ನಲ್ಲಿ ಒಮ್ಮೆ ನೋಡಿ. ಎಷ್ಟೋ ಮನೆಗಳಲ್ಲಿ ಆ ವೇಗ ಕೊಡುವ ಒಂದು ಗುಂಡಿಯನ್ನು ಯಾರೂ ಒತ್ತಿರುವುದಿಲ್ಲ. ಅದಕ್ಕಿಂತ ಮಜಾ ಇನ್ನೊಂದಿದೆ, ಉಲ್ಟಾ ಹೋಗುವುದು. ಅಳಿಯ ಕೊನೆಗೆ ಮಾಡಿದ್ದೂ ಅದನ್ನೇ. ಗುಣಕ 50ಕ್ಕೇ ಬಿಟ್ಟು, ವೋಲ್ಟೇಜನ್ನು ಹನಿಹನಿಯಾಗಿ ಇಳಿಸುತ್ತ ಹೋದ. 1.2 ವೋಲ್ಟ್‌ನಿಂದ 1.1ಕ್ಕೆ ಇಳಿದರೆ ಅದೇ ವೇಗಕ್ಕೆ ಸುಮಾರು ಶೇಕಡಾ 16ರಷ್ಟು ಕಡಿಮೆ ಶಕ್ತಿ! ಎಲ್ಲ ಚಿಪ್ಪೂ ಅಷ್ಟು ಇಳಿಯುವುದಿಲ್ಲ, ಒಂದೊಂದರ ಹಣೆಬರಹ ಒಂದೊಂದು. ಇವನದ್ದು ಇಳಿಯಿತು. ಫ್ಯಾನು ಸುಮ್ಮನಾಯಿತು. ಕೋಣೆಯೊಳಗೆ ಮಾತು ಕೇಳಿಸುತ್ತಿದೆ ಎಂದು ಅಕ್ಕನಿಗೆ ಖುಷಿ.

ಆದರೆ ಹುಚ್ಚು ಬಿಡಬೇಕಲ್ಲ. ಮರುದಿನ ಊಟಕ್ಕೆ ಕೂತಾಗ ಹೊಸ ಸುದ್ದಿ ತಂದ: ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಸುರಿದು 2024ರಲ್ಲಿ ಒಂದು ಪ್ರೊಸೆಸರನ್ನು 9.1 ಗಿಗಾಹರ್ಟ್ಸ್ ದಾಟಿಸಿದ್ದಾರಂತೆ. ಅದರಲ್ಲಿ ಯಾರೂ ಗೇಮ್ ಆಡಿಲ್ಲ, ಆ ಅಂಕಿ ನೋಡುವುದೇ ಆಟ. ಹೀಲಿಯಂ ಬೇಡ, ಮೈನಸ್ 196ರ ದ್ರವ ನೈಟ್ರೋಜನ್ ಆದರೂ ಸಾಕಂತೆ.

"ಅಪ್ಪ, ನಿಮ್ಮ ಪ್ಲಾಂಟಿನಲ್ಲಿ ನೈಟ್ರೋಜನ್ ಇದೆಯಲ್ಲ?"

"ಇದೆ. ಗೇಟಿನಲ್ಲಿ ಸೆಕ್ಯುರಿಟಿಯೂ ಇದೆ" ಅಂದ ಭಾವ ಸಾರಿನ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.